ಹಳೇ ಲಾರಿಗೆ ಡಿಸ್ಕ್ ಬ್ರೇಕ್ ಹಾಕಿಸಬೇಕೇ?

ಪ್ರಶ್ನೆ: ನಮ್ಮದು 2006ರ ಟಾಟಾ 1613, ಪೂರ್ತಿ ಗಾಳಿ ಬ್ರೇಕ್. ಹಾಸನದಿಂದ ಮಂಗಳೂರಿಗೆ ಲೋಡು ಹೊಡೆಯುತ್ತೇವೆ. ಶಿರಾಡಿ ಘಾಟಿ ಅರ್ಧ ಇಳಿಯುವಷ್ಟರಲ್ಲಿ ಬ್ರೇಕ್ ಹಿಡಿಯುವುದು ಕಡಿಮೆಯಾಗುತ್ತದೆ. ಡ್ರಮ್ ತೆಗೆಸಿ ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಕಿಸಿ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಖರ್ಚಿಗೆ ತಕ್ಕ ಫಲ ಸಿಗುತ್ತದೆಯೇ? (ಸಕಲೇಶಪುರದ ಓದುಗರು)

ಉತ್ತರ: ಸಿಗುವುದಿಲ್ಲ, ದಯವಿಟ್ಟು ಮಾಡಿಸಬೇಡಿ. ಡಿಸ್ಕ್ ಎಂದರೆ ಹಬ್, ಆಕ್ಸಲ್ ತುದಿ, ಕ್ಯಾಲಿಪರ್ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಹಿಡಿಯುವ ಬ್ರಾಕೆಟ್, ಚೇಂಬರ್ (ಗಾಳಿಯ ಒತ್ತಡದಿಂದ ಬ್ರೇಕ್ ಒತ್ತುವ ಡಬ್ಬಿ) ಎಲ್ಲವೂ ಬೇರೆ. ಬ್ರಾಕೆಟ್ಟನ್ನು ವೆಲ್ಡಿಂಗ್ ಮಾಡಿ ಕೂರಿಸಿದರೆ ಬ್ರೇಕಿನ ಪೂರ್ತಿ ಬಲ ಆ ವೆಲ್ಡಿಂಗ್ ಮೇಲೆ ಬೀಳುತ್ತದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್ ಆದರೆ ಎರಡೂ ಆಕ್ಸಲ್‌ಗಳ ಹಿಡಿತದ ಲೆಕ್ಕವೂ ತಪ್ಪುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿಯ ಮೂಲ ರಚನೆಯನ್ನು ಮನಬಂದಂತೆ ಬದಲಿಸುವಂತಿಲ್ಲ. ಎಂಟು ವರ್ಷ ದಾಟಿದ ಲಾರಿಗೆ ಪ್ರತಿ ವರ್ಷ ಎಫ್‌.ಸಿ. (ವಾಹನ ರಸ್ತೆಗೆ ಯೋಗ್ಯ ಎಂಬ ಪ್ರಮಾಣಪತ್ರ) ಆಗಬೇಕು, ಅಲ್ಲೂ ತೊಂದರೆ.

ನಿಮ್ಮ ಬ್ರೇಕ್ ಸೋಲುತ್ತಿರುವುದು ಶಾಖಕ್ಕೆ. ಲೋಡು ಸೇರಿ 16 ಟನ್ ಇರುವ ಲಾರಿ 500 ಮೀಟರ್ ಎತ್ತರ ಇಳಿದರೆ, ಮನೆಯಲ್ಲಿನ ತಣ್ಣೀರನ್ನು ಸುಮಾರು 270 ಲೀಟರ್ ಕುದಿಯುವ ಹಂತಕ್ಕೆ ತರುವಷ್ಟು ಶಾಖ ಹುಟ್ಟುತ್ತದೆ. ಎಂಜಿನ್ ಹಿಡಿಯದೆ ಬಿಟ್ಟ ಪಾಲೆಲ್ಲ ಬಹುಮಟ್ಟಿಗೆ ನಾಲ್ಕು ಡ್ರಮ್ಮುಗಳ ಪಾಲಿಗೆ ಬರುತ್ತದೆ. 410 ಮಿ.ಮೀ. ವ್ಯಾಸದ ಬೀಡುಕಬ್ಬಿಣದ ಡ್ರಮ್ 300 ಡಿಗ್ರಿ ಬಿಸಿಯೇರಿದರೆ ಸುಮಾರು 1.3 ಮಿ.ಮೀ. ಹಿಗ್ಗುತ್ತದೆ. ಎರಡು ಬದಿಯ ಲೈನರ್‌ಗಳು (ಡ್ರಮ್ಮಿನ ಒಳಮೈಗೆ ಉಜ್ಜುವ ಪಟ್ಟಿಗಳು) ಸೇರಿ ಅಷ್ಟು ದೂರ ಹೆಚ್ಚು ಸರಿಯಬೇಕು. ಅದಕ್ಕಾಗಿ ಚೇಂಬರಿನ ಪುಶ್‌ರಾಡ್ (ಗಾಳಿ ತುಂಬಿದಾಗ ಹೊರಗೆ ತಳ್ಳುವ ಸರಳು) ಅದರ ಹಲವು ಪಟ್ಟು ಹೊರಗೆ ಬರಬೇಕು. ತಣ್ಣಗಿದ್ದಾಗಲೇ ಕೊನೆ ಮುಟ್ಟುವಷ್ಟು ಬರುತ್ತಿದ್ದ ರಾಡ್ ಬಿಸಿಯಲ್ಲಿ ಇನ್ನೆಲ್ಲಿಗೆ ಹೋದೀತು? ಹೈಡ್ರಾಲಿಕ್ ಬ್ರೇಕಿನಲ್ಲಾದರೆ ಪೆಡಲ್ ಕೆಳಗಿಳಿದು ಮೊದಲೇ ಸುಳಿವು ಕೊಡುತ್ತದೆ. ಗಾಳಿ ಬ್ರೇಕಿನ ಪೆಡಲ್ ಬರೀ ಗಾಳಿ ಬಿಡುವ ವಾಲ್ವ್, ಕಾಲಿಗೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ಅದಕ್ಕೇ ಅಳೆದು ನೋಡಲೇಬೇಕು.

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಡಿ. ಟ್ಯಾಂಕಿನಲ್ಲಿ 6ರಿಂದ 7 ಬಾರ್ ಗಾಳಿ ಇರಲಿ, ಎಂಜಿನ್ ಆಫ್ ಮಾಡಿ. ರಾಡ್ ಚೇಂಬರಿನಿಂದ ಹೊರಬರುವ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಇನ್ನೊಬ್ಬರಿಂದ ಬ್ರೇಕ್ ಪೂರ್ತಿ ತುಳಿಸಿ, ಗೆರೆ ಎಷ್ಟು ಸರಿಯಿತು ನೋಡಿ. ಸಾಮಾನ್ಯ ಸ್ಟ್ರೋಕಿನ (ಸ್ಟ್ರೋಕ್ ಎಂದರೆ ರಾಡ್ ಸರಿಯುವ ದೂರ) 24 ನಂಬರ್ ಚೇಂಬರಿನಲ್ಲಿ 44 ಮಿ.ಮೀ., 30 ನಂಬರಿನಲ್ಲಿ 50 ಮಿ.ಮೀ. ದಾಟಬಾರದು. ದಾಟುವವರೆಗೆ ಕಾಯುವುದೂ ಬೇಡ; ಘಾಟಿ ಇಳಿಯುವ ಲಾರಿಗೆ ಇದಕ್ಕಿಂತ ಸಾಕಷ್ಟು ಕಡಿಮೆ ಇರಬೇಕು, ಎಡಬಲ ಒಂದೇ ಸಮ ಬರಬೇಕು.

ಕೈಯಲ್ಲಿ ಟೈಟ್ ಮಾಡುವ ಸ್ಲಾಕ್ ಅಡ್ಜಸ್ಟರ್ (ರಾಡನ್ನು ಕ್ಯಾಮ್ ಶಾಫ್ಟಿಗೆ ಜೋಡಿಸುವ, ಸಡಿಲ ಸರಿಪಡಿಸುವ ತೋಳು) ಇದ್ದರೆ: ಚಕ್ರ ಜಾಕ್ ಮೇಲೆತ್ತಿ ಸ್ಟ್ಯಾಂಡ್ ಕೊಡಿ. ಬೀಗದ ತೋಳನ್ನು ಸ್ಪ್ಯಾನರಿನಿಂದ ಒಳಗೊತ್ತಿ, ಲೈನರ್ ಡ್ರಮ್ಮಿಗೆ ತಾಗುವವರೆಗೆ ಬೋಲ್ಟ್ ತಿರುಗಿಸಿ. ಟೈಟ್ ಮಾಡುವಾಗ ಎಸ್-ಕ್ಯಾಮ್ (ಲೈನರ್ ಇರುವ ಶೂಗಳನ್ನು ಡ್ರಮ್ಮಿಗೆ ಒತ್ತುವ ಎಸ್ ಆಕಾರದ ತುದಿ) ಬ್ರೇಕ್ ಹಿಡಿಯುವ ದಿಕ್ಕಿಗೇ ತಿರುಗಬೇಕು. ಎದುರು ದಿಕ್ಕಿಗೆ ತಿರುಗಿದರೆ ನೀವು ಸಡಿಲ ಮಾಡುತ್ತಿದ್ದೀರಿ. ತಾಗಿದ ಮೇಲೆ ಕಾಲು ಸುತ್ತಿನಿಂದ ಅರ್ಧ ಸುತ್ತು ಹಿಂದೆ ಬಿಟ್ಟು, ಚಕ್ರ ಉಜ್ಜದೆ ತಿರುಗುತ್ತದೆಯೇ ನೋಡಿ, ಮತ್ತೆ ಸ್ಟ್ರೋಕ್ ಅಳೆಯಿರಿ.

ದುಡ್ಡು ಹಾಕುವುದಾದರೆ ಆಟೋ ಸ್ಲಾಕ್ ಅಡ್ಜಸ್ಟರಿಗೆ ಹಾಕಿ. ನಾವು ಮನಸಾರೆ ಒಪ್ಪುವ ಬದಲಾವಣೆ ಇದೊಂದೇ. ಹಳೆಯದರ ತೋಳಿನ ಉದ್ದ (ರಾಡ್ ಪಿನ್ನಿನಿಂದ ಕ್ಯಾಮ್ ನಡುವಿನವರೆಗೆ) ಮತ್ತು ಕ್ಯಾಮ್ ಶಾಫ್ಟಿನ ಹಲ್ಲುಗಳನ್ನು ಎಣಿಸಿಯೇ ಕೊಳ್ಳಿ. ಒಂದು ಆಕ್ಸಲ್ಲಿಗೆ ಜೋಡಿಯಾಗಿಯೇ ಹಾಕಿಸಿ. ಒಂದು ಬದಿ ಹೊಸದು, ಇನ್ನೊಂದು ಬದಿ ಹಳೆಯದು ಇದ್ದರೆ ಲಾರಿ ಒಂದು ಕಡೆಗೆ ಎಳೆಯುತ್ತದೆ. ಅದಕ್ಕೂ ಮುಂಚೆ ಕ್ಯಾಮ್ ಬುಷ್, ಕ್ಲೆವಿಸ್ ಪಿನ್, ರೋಲರ್, ರಿಟರ್ನ್ ಸ್ಪ್ರಿಂಗ್ ನೋಡಿಸಿ. ಬುಷ್ ಸವೆದು ಶಾಫ್ಟ್ ಅಲ್ಲಾಡುತ್ತಿದ್ದರೆ ಎಂಥ ಅಡ್ಜಸ್ಟರ್ ಹಾಕಿದರೂ ಸ್ಟ್ರೋಕ್ ನಿಲ್ಲುವುದಿಲ್ಲ. ಹಾಕಿಸಿದ ಮೇಲೆ ಸ್ಟ್ರೋಕ್ ಮತ್ತೆ ಹೆಚ್ಚಾದರೆ ಕೈಯಲ್ಲಿ ಟೈಟ್ ಮಾಡಿ ಸುಮ್ಮನಾಗಬೇಡಿ. ಆಟೋ ಅಡ್ಜಸ್ಟರ್ ತಾನಾಗಿ ಹಿಡಿಯುತ್ತಿಲ್ಲವೆಂದರೆ ಎಲ್ಲೋ ದೋಷವಿದೆ. ಕೈಯಲ್ಲಿ ತಿರುಗಿಸಿದರೆ ಆ ದೋಷ ಎರಡು ದಿನ ಮುಚ್ಚಿಕೊಳ್ಳುತ್ತದೆ, ಅಷ್ಟೆ.

ಲಾರಿಯಲ್ಲಿ ಎಕ್ಸಾಸ್ಟ್ ಬ್ರೇಕ್ (ಹೊಗೆ ಕೊಳವೆ ಮುಚ್ಚಿ ಎಂಜಿನ್ನಿನಿಂದಲೇ ವೇಗ ತಗ್ಗಿಸುವ ಬ್ರೇಕ್) ಇದ್ದು ಕೆಲಸ ಮಾಡುತ್ತಿಲ್ಲದಿದ್ದರೆ ಅದನ್ನೂ ಸರಿಮಾಡಿಸಿ. ಅದರ ಚಿಟ್ಟೆ ವಾಲ್ವ್ ಮಸಿ ಕಟ್ಟಿ ಅಂಟಿಕೊಳ್ಳುವುದೇ ಹೆಚ್ಚು. ಇಳಿಜಾರು ಶುರುವಾಗುವ ಮೊದಲೇ ಕೆಳ ಗೇರಿಗೆ ಹಾಕಿ. ನಡುವೆ ಹಾಕಲು ಹೋಗಿ ಗೇರ್ ಬೀಳದಿದ್ದರೆ ಲಾರಿ ನ್ಯೂಟ್ರಲ್‌ನಲ್ಲಿ ಉಳಿಯುತ್ತದೆ.

ಪ್ರಶ್ನೆ: ಹಿಂದಿನ ಚಕ್ರಗಳ 24 ನಂಬರ್ ಚೇಂಬರ್ ತೆಗೆದು 30 ನಂಬರ್ ಹಾಕಿದರೆ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆಯೇ? (ಚಿತ್ರದುರ್ಗ)

ಉತ್ತರ: ನಂಬರ್ ಎಂದರೆ ಚೇಂಬರಿನ ಒಳಗಿನ ರಬ್ಬರಿನ ವಿಸ್ತೀರ್ಣ, ಚದರ ಇಂಚುಗಳಲ್ಲಿ. 7 ಬಾರ್ ಗಾಳಿಗೆ 24 ನಂಬರ್ ಹತ್ತಿರ ಹತ್ತಿರ 1,100 ಕೆ.ಜಿ. ಬಲ ಕೊಡುತ್ತದೆ, 30 ನಂಬರ್ ಅದರ ಒಂದೂಕಾಲು ಪಟ್ಟು. ಆ ಹೆಚ್ಚಿನ ಬಲ ಕ್ಯಾಮ್, ಶೂ, ಬ್ರಾಕೆಟ್ ಮೇಲೆ ಬೀಳುತ್ತದೆ. ಅವು ಅದಕ್ಕೆಂದು ಮಾಡಿದವಲ್ಲ. ಖಾಲಿ ಲಾರಿ ಮಳೆಯಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಬಾಲ ಬೀಸುತ್ತದೆ. ಶಾಖವಂತೂ ಕಡಿಮೆಯಾಗುವುದಿಲ್ಲ. ಕಂಪನಿ ಕೊಟ್ಟ ಅಳತೆಯನ್ನೇ ಇಟ್ಟುಕೊಳ್ಳಿ. ಒಂದು ಎಚ್ಚರಿಕೆ: ಹ್ಯಾಂಡ್‌ಬ್ರೇಕಿನ ಸ್ಪ್ರಿಂಗ್ ಇರುವ ಚೇಂಬರಿನ ಆ ಭಾಗವನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಒಳಗಿನ ಸ್ಪ್ರಿಂಗ್ ಸಿಡಿದರೆ ಪ್ರಾಣಕ್ಕೇ ಕುತ್ತು. ಚೇಂಬರ್ ಇಳಿಸುವ ಮೊದಲು ಕೇಜಿಂಗ್ ಬೋಲ್ಟ್ ಹಾಕಿ ಸ್ಪ್ರಿಂಗನ್ನು ಬಿಗಿಯಲೇಬೇಕು.

ಪ್ರಶ್ನೆ: ಡ್ರಮ್ ತಣ್ಣಗಾಗಲು ಚಕ್ರಕ್ಕೆ ನೀರು ಬಿಡುವ ಪೈಪ್ ಹಾಕಿಸಬಹುದೇ? (ಹೊನ್ನಾವರ)

ಉತ್ತರ: ಬೇಡ. ಕಾದ ಬೀಡುಕಬ್ಬಿಣಕ್ಕೆ ನೀರು ಬಿದ್ದರೆ ಒಳಮೈಯಲ್ಲಿ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ, ಒಂದು ದಿನ ಅವೇ ಸೇರಿ ಡ್ರಮ್ ಸೀಳುತ್ತದೆ. ಚಕ್ರ ಕಳಚಿದಾಗ ಡ್ರಮ್ಮನ್ನು ತೂಗಿಹಾಕಿ ಸಣ್ಣ ಸುತ್ತಿಗೆಯಲ್ಲಿ ತಟ್ಟಿ: ಗಂಟೆಯಂತೆ ನಾದ ಬಂದರೆ ಸರಿ, ಒಡಕು ಮಡಕೆಯ ಸದ್ದು ಬಂದರೆ ಅದನ್ನು ಲೇತಿಗೂ ಕೊಡಬೇಡಿ, ಗುಜರಿಗೆ ಹಾಕಿ. ಲೇತಿಗೆ ಕೊಡುವ ಡ್ರಮ್ಮಿನ ಮೇಲೆ ಅಚ್ಚೊತ್ತಿದ ಗರಿಷ್ಠ ಒಳವ್ಯಾಸ ದಾಟದಂತೆ ನೋಡಿಕೊಳ್ಳಿ. ಲೈನರ್ ಹೊಸ ಒಳವ್ಯಾಸಕ್ಕೆ ಹೊಂದುವ ದಪ್ಪದ್ದಿರಲಿ.

ಪ್ರಶ್ನೆ: ಹಳೇ ಟಾಟಾ 407, ಹೈಡ್ರಾಲಿಕ್ ಡ್ರಮ್ ಬ್ರೇಕ್. ಬ್ರೇಕ್ ಹಿಡಿದರೆ ಎಡಕ್ಕೆ ಎಳೆಯುತ್ತದೆ, ದೂರ ಇಳಿದ ಮೇಲೆ ಪೆಡಲ್ ಮೆತ್ತಗಾಗುತ್ತದೆ. (ಶಿರಸಿ)

ಉತ್ತರ: ಎಡಕ್ಕೆ ಎಳೆದರೆ ಬಲಗಡೆಯದು ಹಿಡಿಯುತ್ತಿಲ್ಲ ಎಂದು ಮೊದಲು ಬಲ ಚಕ್ರವನ್ನೇ ಬಿಚ್ಚಿ. ವ್ಹೀಲ್ ಸಿಲಿಂಡರ್ ಜಾಮ್ ಆಗಿರಬಹುದು, ಇಲ್ಲವೇ ಸೀಲ್ ಸೋರಿ ಲೈನರಿಗೆ ಗ್ರೀಸ್ ಹತ್ತಿರಬಹುದು. ಗ್ರೀಸ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಹಾಕಬೇಡಿ, ಬಿಸಿಯಾದಾಗ ಒಳಗಿನದು ಮತ್ತೆ ಹೊರಬರುತ್ತದೆ. ಎರಡೂ ಬದಿಗೆ ಹೊಸದೇ ಹಾಕಿ. ಡ್ರಮ್ಮಿನ ಧೂಳನ್ನು ಗಾಳಿ ಬಿಟ್ಟು ಹಾರಿಸಬೇಡಿ. ಹಳೇ ಲೈನರಿನಲ್ಲಿ ಆಸ್‌ಬೆಸ್ಟಾಸ್ ಇದ್ದರೆ ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಪೆಡಲ್ ಮೆತ್ತಗಾಗುವುದಕ್ಕೆ ಹಳೇ ಬ್ರೇಕ್ ಆಯಿಲ್ ಕಾರಣವಿರಬಹುದು. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 3 ಆಯಿಲ್ ಹೊಸದಿದ್ದಾಗ 205 ಡಿಗ್ರಿಯವರೆಗೂ ಕುದಿಯಬಾರದು ಎಂಬುದು ಮಾನದಂಡ. ನೀರು ಹೀರಿದ ಆಯಿಲಿಗೆ ಅದೇ ಮಾನದಂಡ 140 ಡಿಗ್ರಿ ಮಾತ್ರ. ಕುದಿದು ಆವಿ ಗುಳ್ಳೆ ಎದ್ದರೆ ಪೆಡಲ್ ಆ ಗುಳ್ಳೆಗಳನ್ನಷ್ಟೇ ಒತ್ತುತ್ತದೆ. ಎರಡು ವರ್ಷಕ್ಕೊಮ್ಮೆ ಕಂಪನಿ ಹೇಳಿದ ದರ್ಜೆಯದನ್ನು ಪೂರ್ತಿ ಬದಲಿಸಿ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರುಮಾಡಿ, ಗುಳ್ಳೆ ನಿಂತು ಹೊಸ ಆಯಿಲಿನ ಬಣ್ಣ ಬರುವವರೆಗೂ ಬ್ಲೀಡ್ ಮಾಡಿ (ಹಳೇ ಆಯಿಲು, ಗಾಳಿ ಹೊರಬಿಡಿ). ಸೀಸೆ ತೆರೆದು ತಿಂಗಳುಗಟ್ಟಲೆ ಇಟ್ಟ ಆಯಿಲನ್ನು ಮತ್ತೆ ಹಾಕಬೇಡಿ.