ಓದುಗರ ಪ್ರಶ್ನೆ, ನಮ್ಮ ಉತ್ತರ: ಜಿಂಕೆ ಬೇಟೆಗೆ ಯಾವ ತೋಟೆ ಕೊಳ್ಳಬೇಕು?

ಪ್ರಶ್ನೆ: ನಾನಿರುವ ದೇಶದಲ್ಲಿ ಪರವಾನಗಿ ಪಡೆದು, ಗೊತ್ತುಪಡಿಸಿದ ಋತುವಿನಲ್ಲಿ ಜಿಂಕೆ ಬೇಟೆಯಾಡಲು ಕಾನೂನಿನ ಅವಕಾಶವಿದೆ. ಕಡ್ಡಾಯ ತರಬೇತಿ ಮುಗಿಸಿ .308 ವಿಂಚೆಸ್ಟರ್ ರೈಫಲ್ ಕೊಂಡಿದ್ದೇನೆ. ಅಂಗಡಿಗೆ ಹೋದರೆ ಅದೇ ಹೆಸರಿನ ತೋಟೆಗಳು ಹತ್ತಾರು ಬಗೆಯಲ್ಲಿವೆ: 150 ಗ್ರೇನ್, 165 ಗ್ರೇನ್, 180 ಗ್ರೇನ್, ಮೃದು ಮೂತಿಯವು, ಪ್ಲಾಸ್ಟಿಕ್ ಮೂತಿಯವು, ಅಪ್ಪಟ ತಾಮ್ರದವು. ಬೆಲೆಯಲ್ಲಿಯೂ ಅಜಗಜಾಂತರ. 150 ಮೀಟರಿಗಿಂತ ದೂರದ ಪ್ರಾಣಿಗೆ ಗುಂಡು ಹಾರಿಸುವ ಉದ್ದೇಶ ನನಗಿಲ್ಲ. ಯಾವುದನ್ನು ಕೊಳ್ಳಲಿ?

ಉತ್ತರ: ನಿಮ್ಮ ರೈಫಲ್‌ಗೂ ನೀವು ಹಾಕಿಕೊಂಡ ದೂರದ ಮಿತಿಗೂ 150 ಅಥವಾ 165 ಗ್ರೇನ್ ತೂಕದ, ಮೃದು ಮೂತಿಯ, ಸಾಧಾರಣ ಬೆಲೆಯ ತೋಟೆ ಧಾರಾಳವಾಗಿ ಸಾಕು. ರೆಮಿಂಗ್ಟನ್ ಕೋರ್-ಲಾಕ್ಟ್, ವಿಂಚೆಸ್ಟರ್ ಪವರ್-ಪಾಯಿಂಟ್, ಫೆಡರಲ್ ಪವರ್-ಶಾಕ್ ಇವೆಲ್ಲ ಈ ವರ್ಗಕ್ಕೆ ಸೇರಿದವು. ಇವುಗಳಲ್ಲಿ ಯಾವುದು ಎಂಬುದನ್ನು ಅಂಗಡಿಯವರ ಮಾತಿಗಿಂತ ನಿಮ್ಮ ರೈಫಲ್ಲೇ ನಿರ್ಧರಿಸಬೇಕು. ಅದರ ಬಗೆ ಮುಂದೆ ಹೇಳುತ್ತೇನೆ.

ಮೊದಲು ಪೆಟ್ಟಿಗೆಯನ್ನು ಓದುವುದು. ಗ್ರೇನ್ ಎಂಬುದು ಗುಂಡಿನ ತೂಕವೇ ಹೊರತು ಒಳಗೆ ತುಂಬಿದ ಮದ್ದಿನ ತೂಕವಲ್ಲ. 150 ಗ್ರೇನ್ ಎಂದರೆ ಹತ್ತು ಗ್ರಾಮಿಗೆ ತುಸು ಕಡಿಮೆ. ಪೆಟ್ಟಿಗೆಯ ಮೇಲಿನ ಹೆಸರು ನಳಿಗೆಯ ಮೇಲೆ ಕೊರೆದಿರುವ ಹೆಸರಿಗೆ ಅಕ್ಷರಶಃ ಹೊಂದಬೇಕು, ಏಕೆಂದರೆ .308 ಎಂಬ ಅಂಕಿ (ಅಂಗುಲದಲ್ಲಿ ಗುಂಡಿನ ವ್ಯಾಸ) ಅಷ್ಟೇ ಸಾಲದು. ಅದೇ ವ್ಯಾಸದ ಗುಂಡನ್ನು ಹಾರಿಸುವ .30-06 ಸ್ಪ್ರಿಂಗ್‌ಫೀಲ್ಡ್, .300 ವಿಂಚೆಸ್ಟರ್ ಮ್ಯಾಗ್ನಮ್ ಮುಂತಾದ ತೋಟೆಗಳು ಅಳತೆಯಲ್ಲಿ ಬೇರೆಯೇ ಆಗಿವೆ. ವೇಗದ ಪಟ್ಟಿಯನ್ನು ಮಾತ್ರ ತುಸು ಎಚ್ಚರದಿಂದ ಓದಿ. ಅದನ್ನು ಸಾಮಾನ್ಯವಾಗಿ 24 ಅಂಗುಲದ ನಳಿಗೆಯಲ್ಲಿ ಅಳೆದಿರುತ್ತಾರೆ. ನಿಮ್ಮ ನಳಿಗೆ ಗಿಡ್ಡವಾದಷ್ಟೂ ವೇಗ ಕಡಿಮೆಯಾಗುತ್ತದೆ.

ಇನ್ನು ಆಯ್ಕೆಯ ಜೀವಾಳಕ್ಕೆ ಬರೋಣ. ಜಿಂಕೆಯನ್ನು ಕೆಡವುವುದು ತೋಟೆಯ ಬ್ರಾಂಡೂ ಅಲ್ಲ, ಪೆಟ್ಟಿಗೆಯ ಮೇಲೆ ಅಚ್ಚಾದ ವೇಗವೂ ಅಲ್ಲ. ಗುಂಡು ಎದೆಗೂಡನ್ನು ಹೊಕ್ಕ ಮೇಲೆ ಏನಾಗುತ್ತದೆ ಎಂಬುದು. ಮೃದು ಮೂತಿಯ ಗುಂಡಿನಲ್ಲಿ ತಾಮ್ರಮಿಶ್ರಿತ ತೆಳು ಕವಚದೊಳಗೆ ಸೀಸವಿರುತ್ತದೆ, ತುದಿಯಲ್ಲಿ ಆ ಸೀಸ ಸ್ವಲ್ಪ ಹೊರಗೆ ಕಾಣುತ್ತದೆ. ಮಾಂಸಕ್ಕೆ ತಗುಲಿದ ಕೂಡಲೇ ಆ ತುದಿ ಅಮುಕಿಕೊಂಡು ಕವಚ ಹಿಂದಕ್ಕೆ ಸುಲಿಯುತ್ತದೆ, ಗುಂಡು ಅಣಬೆಯ ಹಾಗೆ ಅರಳಿ ಮೂಲ ವ್ಯಾಸದ ಒಂದೂವರೆ ಪಟ್ಟು ಅಥವಾ ಅದಕ್ಕೂ ಹೆಚ್ಚು ಅಗಲವಾಗುತ್ತದೆ. ಹೀಗೆ ಅರಳಿದ ಗುಂಡು ಎರಡೂ ಶ್ವಾಸಕೋಶಗಳನ್ನು ಹಾದು ಹೋದರೆ ಪ್ರಾಣಿ ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಅರಳದ ಗುಂಡು ಸಣ್ಣ ತೂತು ಮಾಡಿ ಆಚೆಗೆ ಹಾರಿಹೋಗುತ್ತದೆ. ಬಹುಬೇಗ ಚೂರಾಗುವ ಗುಂಡು ಭುಜದ ಮೂಳೆಗೆ ಬಡಿದರೆ ಒಳಕ್ಕೆ ಇಳಿಯದೆ ಮೇಲ್ಮೈ ಗಾಯ ಮಾಡುತ್ತದೆ. ಎರಡರಲ್ಲಿಯೂ ಗಾಯಗೊಂಡ ಪ್ರಾಣಿ ಪೊದೆ ಸೇರಿ ಗಂಟೆಗಟ್ಟಲೆ ನರಳುತ್ತದೆ. ಬೇಟೆಗಾರನಾದವನು ತಪ್ಪಿಸಲೇಬೇಕಾದದ್ದು ಇದನ್ನೇ.

ಆದ್ದರಿಂದ ಮೂತಿಯವರೆಗೂ ಗಟ್ಟಿ ಲೋಹ ಮುಚ್ಚಿದ, ಅಗ್ಗದ ಅಭ್ಯಾಸದ ತೋಟೆಗಳನ್ನು ಬೇಟೆಗೆ ಒಯ್ಯಲೇಬೇಡಿ. ಅವು ಅರಳುವುದಿಲ್ಲ, ಹಲವು ಕಡೆ ಜಿಂಕೆಯ ಮೇಲೆ ಅವುಗಳ ಬಳಕೆ ಕಾನೂನುಬಾಹಿರವೂ ಹೌದು. ಮ್ಯಾಚ್ ಎಂದು ಬರೆದಿರುವ ಸ್ಪರ್ಧೆಯ ತೋಟೆಗಳು ಕಾಗದದ ಮೇಲೆ ಎಷ್ಟೇ ಸೊಗಸಾಗಿ ಗುರಿ ಮುಟ್ಟಲಿ, ಅವನ್ನು ರೂಪಿಸಿರುವುದು ಕಾಗದಕ್ಕೇ. ಪ್ಲಾಸ್ಟಿಕ್ ಮೂತಿಯವು ಗಾಳಿಯನ್ನು ಚೆನ್ನಾಗಿ ಸೀಳುತ್ತವೆ, ದೂರದಲ್ಲಿ ವೇಗ ಕಡಿಮೆಯಾದ ಮೇಲೂ ಸುಲಭವಾಗಿ ಅರಳುತ್ತವೆ. ಆದರೆ 50 ಮೀಟರಿನಂಥ ಹತ್ತಿರದಲ್ಲಿ ಅವುಗಳಲ್ಲಿ ಕೆಲವು ವಿಪರೀತ ರಭಸದಿಂದ ಅರಳಿ ಭುಜದ ಮಾಂಸವನ್ನೆಲ್ಲ ಹಾಳುಮಾಡುತ್ತವೆ. ಕವಚಕ್ಕೆ ಸೀಸವನ್ನು ಬೆಸೆದ ದುಬಾರಿ ಗುಂಡುಗಳು ಒಳ್ಳೆಯವೇ, ಆದರೆ ಅವುಗಳ ನಿಜವಾದ ಉಪಯೋಗ ಕಡವೆಯಷ್ಟು ದೊಡ್ಡ ದೇಹದ ಮೃಗಗಳಿಗೆ. 180 ಗ್ರೇನ್ ತೂಕಕ್ಕೂ ಇದೇ ಮಾತು ಸಲ್ಲುತ್ತದೆ: ಹಾರಿಸಿದಾಗ ಭುಜಕ್ಕೆ ಬೀಳುವ ಒದೆತ ಹೆಚ್ಚುತ್ತದೆ, ಸಾಧಾರಣ ಗಾತ್ರದ ಜಿಂಕೆಯ ಮಟ್ಟಿಗೆ ಅದರಿಂದ ಸಿಗುವ ಲಾಭ ಅಷ್ಟಕ್ಕಷ್ಟೇ.

ಈಗ ಪರೀಕ್ಷೆ. ಒಂದೇ ತೋಟೆ ಎರಡು ರೈಫಲ್‌ಗಳಲ್ಲಿ, ಅವು ಒಂದೇ ಮಾದರಿಯವಾಗಿದ್ದರೂ, ಬೇರೆ ಬೇರೆಯಾಗಿ ವರ್ತಿಸುತ್ತದೆ. ಮೂರು ಬಗೆಯ ಒಂದೊಂದು ಪೆಟ್ಟಿಗೆ ಕೊಂಡು, ಗುರಿ ಅಭ್ಯಾಸದ ಮೈದಾನದಲ್ಲಿ ಮೇಜಿನ ಮೇಲೆ ಮರಳು ಚೀಲಕ್ಕೆ ರೈಫಲ್ಲನ್ನು ಊರಿ, ಪ್ರತಿ ಬಗೆಯಲ್ಲಿಯೂ ಮೂರು ಮೂರು ಈಡುಗಳನ್ನು 100 ಮೀಟರಿಗೆ ಹಾರಿಸಿ. ಪ್ರತಿ ಸುತ್ತಿನ ನಡುವೆ ನಳಿಗೆ ಕೈಮುಟ್ಟಿದರೆ ಬಿಸಿ ತಾಗದಷ್ಟು ಆರಲಿ. ಕಾದ ನಳಿಗೆಯಲ್ಲಿ ಮೂಡಿದ ಗುರುತುಗಳನ್ನು ನಂಬಿ ತೀರ್ಮಾನಕ್ಕೆ ಬಂದವರು ಮೋಸಹೋಗುತ್ತಾರೆ, ಏಕೆಂದರೆ ಬೇಟೆಯಲ್ಲಿ ಲೆಕ್ಕಕ್ಕೆ ಬರುವುದು ತಣ್ಣನೆಯ ನಳಿಗೆಯಿಂದ ಹೊರಡುವ ಮೊದಲ ಈಡು. ಮೂರು ತೂತುಗಳೂ ಐದು ಸೆಂಟಿಮೀಟರ್ ಅಗಲದೊಳಗೆ ಬಿದ್ದರೆ ಸಂತೋಷಪಡಿ, ಅದಕ್ಕಿಂತ ಸೂಕ್ಷ್ಮತೆಗಾಗಿ ಹಣ ಸುರಿಯಬೇಡಿ. ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಜಾಗ ಸುಮಾರು 20 ಸೆಂಟಿಮೀಟರ್ ಅಗಲವಿರುತ್ತದೆ. ಗೆದ್ದ ತೋಟೆಯ ಪೆಟ್ಟಿಗೆಯ ಮೇಲೆ ಲಾಟ್ ಸಂಖ್ಯೆ, ಅಂದರೆ ಒಂದೇ ಕಂತಿನಲ್ಲಿ ತಯಾರಾದುದರ ಗುರುತು, ಅಚ್ಚಾಗಿರುತ್ತದೆ. ಅದೇ ಸಂಖ್ಯೆಯ ಪೆಟ್ಟಿಗೆಗಳನ್ನು ಋತುವಿಗೆ ಸಾಕಾಗುವಷ್ಟು ಒಟ್ಟಿಗೆ ಕೊಂಡಿಡಿ, ರೈಫಲ್ ಮೇಲಿನ ಗುರಿಯ ಟೆಲಿಸ್ಕೋಪನ್ನು ಅವಕ್ಕೆ ಹೊಂದಿಸಿ. ಲಾಟ್ ಬದಲಾದರೆ ಗುರಿಯನ್ನು ಮತ್ತೆ ಪರೀಕ್ಷಿಸಬೇಕು.

ಪ್ರಶ್ನೆ: ಸೀಸದ ಗುಂಡಿನಿಂದ ಮಾಂಸ ವಿಷವಾಗುತ್ತದೆ, ತಾಮ್ರದ್ದನ್ನೇ ಬಳಸಿ ಎನ್ನುತ್ತಾರೆ. ಇದು ವ್ಯಾಪಾರದ ಮಾತೇ, ನಿಜವೇ?

ಉತ್ತರ: ಇದರಲ್ಲಿ ನಿಜವಿದೆ. ಸೀಸದ ಗುಂಡು ಅರಳುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಗಾಯದಿಂದ ಸಾಕಷ್ಟು ದೂರಕ್ಕೆ ಚೆದುರುತ್ತವೆ. ಗಾಯದ ಸುತ್ತಲ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ಎಸೆದರೂ ಎಲ್ಲವೂ ಹೋಗುವುದಿಲ್ಲ. ಮಕ್ಕಳಿಗೂ ಗರ್ಭಿಣಿಯರಿಗೂ ಸೀಸ ಅಲ್ಪ ಪ್ರಮಾಣದಲ್ಲಿಯೂ ಒಳ್ಳೆಯದಲ್ಲ. ಕಾಡಿನಲ್ಲಿ ಬಿಟ್ಟುಬಂದ ಕರುಳು, ಅಂಗಾಂಗಗಳನ್ನು ತಿನ್ನುವ ಹದ್ದುಗಳಿಗಂತೂ ಅದು ಪ್ರಾಣಾಂತಕ. ಅಳಿವಿನಂಚಿನಲ್ಲಿದ್ದ ಕಾಂಡೋರ್ ಹಕ್ಕಿಗಳು ಸೀಸದ ವಿಷಕ್ಕೆ ಬಲಿಯಾಗುತ್ತಿದ್ದುದರಿಂದ ಕ್ಯಾಲಿಫೋರ್ನಿಯಾ ರಾಜ್ಯವು 2019ರ ಜುಲೈನಿಂದ ಬೇಟೆಯಲ್ಲಿ ಸೀಸದ ಮದ್ದುಗುಂಡನ್ನು ಪೂರ್ತಿಯಾಗಿ ನಿಷೇಧಿಸಿದೆ. ಮನೆಯಲ್ಲಿ ಆ ಮಾಂಸವನ್ನು ಮಕ್ಕಳು ತಿನ್ನುವುದಾದರೆ ನಾನು ತಾಮ್ರವನ್ನೇ ಆರಿಸುತ್ತೇನೆ, ಬೆಲೆ ಹೆಚ್ಚಾದರೂ ಸರಿ.

ಆಯ್ಕೆಯ ರೀತಿ ಮಾತ್ರ ತುಸು ಬದಲಾಗುತ್ತದೆ. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅಷ್ಟೇ ತೂಕದ ತಾಮ್ರದ ಗುಂಡು ಉದ್ದವಾಗಿರುತ್ತದೆ, ಅದು ಅರಳಲು ಹೆಚ್ಚು ವೇಗವೂ ಬೇಕು. ಚೂರಾಗದೆ ತನ್ನ ತೂಕವನ್ನು ಬಹುಪಾಲು ಉಳಿಸಿಕೊಳ್ಳುವುದರಿಂದ ಒಂದು ಮೆಟ್ಟಿಲು ಹಗುರವಾದುದನ್ನು ಕೊಂಡರೂ ನಷ್ಟವಿಲ್ಲ: .308ರಲ್ಲಿ 165ರ ಬದಲು 150 ಅಥವಾ 130 ಗ್ರೇನ್. ಟೆಲಿಸ್ಕೋಪನ್ನು ಸೀಸದ ತೋಟೆಗೆ ಹೊಂದಿಸಿ ಬೇಟೆಗೆ ತಾಮ್ರದ್ದನ್ನು ಒಯ್ಯುವಂತಿಲ್ಲ. ಎರಡೂ ಒಂದೇ ಕಡೆ ಬೀಳುವುದಿಲ್ಲ.

ಪ್ರಶ್ನೆ: ನನ್ನ ಮಗಳೂ ಈ ವರ್ಷ ಪರವಾನಗಿ ಪಡೆದಿದ್ದಾಳೆ. .308ರ ಒದೆತಕ್ಕೆ ಹೆದರುತ್ತಾಳೆ. ಅವಳಿಗೆ .243 ವಿಂಚೆಸ್ಟರ್ ಸಾಕಾಗುವುದೇ?

ಉತ್ತರ: ಸಾಕು. ಒದೆತಕ್ಕೆ ಹೆದರಿ ಕಣ್ಣು ಮುಚ್ಚಿ ಬಂದೂಕಿನ ಕುದುರೆ (ಟ್ರಿಗರ್) ಎಳೆಯುವವರ ಕೈಯಲ್ಲಿ ದೊಡ್ಡ ರೈಫಲ್ಲಿಗಿಂತ ಇದೇ ಮೇಲು. 1955ರಲ್ಲಿ ಮಾರುಕಟ್ಟೆಗೆ ಬಂದ ಈ ತೋಟೆಯಲ್ಲಿ ಎರಡು ಜಾತಿಯ ಗುಂಡುಗಳು ಸಿಗುತ್ತವೆ: ನರಿಯಂಥ ಸಣ್ಣ ಪ್ರಾಣಿಗಳಿಗಾಗಿ ಮಾಡಿದ 55ರಿಂದ 75 ಗ್ರೇನಿನ, ತಗುಲಿದೊಡನೆ ಪುಡಿಯಾಗುವ ಹಗುರ ಗುಂಡು, ಮತ್ತು ಜಿಂಕೆಗಾಗಿ ಮಾಡಿದ 95 ಅಥವಾ 100 ಗ್ರೇನಿನದು. ಎರಡನೆಯದನ್ನೇ ಕೊಳ್ಳಿ, ತಾಮ್ರದ್ದಾದರೆ 80 ಅಥವಾ 85 ಗ್ರೇನ್. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜಿಂಕೆ ಕಾಯ್ದೆ .240 ಅಂಗುಲವನ್ನು ಗುಂಡಿನ ಕನಿಷ್ಠ ವ್ಯಾಸವೆಂದು ಸಾಮಾನ್ಯವಾಗಿ ವಿಧಿಸುತ್ತದೆ, ಅಂದರೆ .243 ಆ ಗೆರೆಗೆ ತುಸುವೇ ಮೇಲಿದೆ. ನೀವಿರುವ ಕಡೆಯ ನಿಯಮವನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಿ. ಪಕ್ಕಕ್ಕೆ ತಿರುಗಿ ನಿಂತ ಪ್ರಾಣಿಯ ಮುಂಗಾಲಿನ ಹಿಂಬದಿಗೆ, ಎದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಗುರಿಯಿಡುವುದನ್ನು ಅವಳಿಗೆ ರೂಢಿಮಾಡಿಸಿ. ನೇರ ಎದುರಿನಿಂದಲೂ ಹಿಂದಿನಿಂದಲೂ ಹಾರಿಸುವುದು ಬೇಡ.

ಇನ್ನೊಂದು ಎಚ್ಚರಿಕೆಯಿದೆ. .308ರ ಮದ್ದು ತುಂಬುವ ಹಿತ್ತಾಳೆ ಕೋಶದ ಕತ್ತನ್ನು ಕಿರಿದುಮಾಡಿ .243ನ್ನು ರೂಪಿಸಿರುವುದರಿಂದ ಎರಡರ ಬುಡ ಒಂದೇ ಅಳತೆಯದು, ಮಗಳ ತೋಟೆ ನಿಮ್ಮ ರೈಫಲ್ಲಿನೊಳಗೆ ಸಲೀಸಾಗಿ ಕೂತುಬಿಡುತ್ತದೆ. ಹಾಗೆ ಹಾರಿಸಿದರೆ ಗುಂಡು ನಳಿಗೆಗೆ ಹೊಂದದೆ ಎತ್ತಲೋ ಹೋಗುತ್ತದೆ, ಕೋಶ ಸೀಳಲೂಬಹುದು. ಒಟ್ಟಿಗೆ ಕಾಡಿಗೆ ಹೋಗುವ ದಿನ ಒಬ್ಬರ ತೋಟೆ ಇನ್ನೊಬ್ಬರ ಚೀಲದಲ್ಲಿ ಒಂದೂ ಇರದಂತೆ ನೋಡಿಕೊಳ್ಳಿ, ತುಂಬುವ ಮೊದಲು ಪ್ರತಿ ತೋಟೆಯ ಬುಡದ ಮೇಲಿನ ಅಕ್ಷರಗಳನ್ನು ಓದಿ.