ಸೂಪರ್‌ಹೀರೋ ಚಿತ್ರದ ಎರಡನೆಯ ಭಾಗದಲ್ಲಿ ನಗೆ ಎಷ್ಟಿರಬೇಕು?

ನಿಮ್ಮ ಸೂಪರ್‌ಹೀರೋ ಕಿರುಚಿತ್ರದ ಮೊದಲ ಭಾಗಕ್ಕೆ ಜನ ಹೊಟ್ಟೆ ತುಂಬ ನಕ್ಕರು, ಎರಡನೆಯ ಭಾಗದಲ್ಲಿ ನಾಯಕನ ತಾಯಿ ತೀರಿಕೊಳ್ಳುತ್ತಾಳೆ, ಹೀಗಿರುವಾಗ ಹಾಸ್ಯವನ್ನು ಎಷ್ಟು ಇಟ್ಟುಕೊಳ್ಳಲಿ ಎಂದು ಕೇಳಿದ್ದೀರಿ. ಎಷ್ಟು ಎಂಬುದನ್ನು ಸ್ವಲ್ಪ ಬದಿಗಿಡಿ. ಮೊದಲ ಸಲ ಜನ ನಕ್ಕಿದ್ದು ಯಾವುದಕ್ಕೆ ಎಂದು ನಿಮಗೆ ಸರಿಯಾಗಿ ಗೊತ್ತೆ? ನನಗಂತೂ ಗೊತ್ತಿರಲಿಲ್ಲ. ಅದರಿಂದ ಇಡೀ ಊರಿನ ಮುಂದೆ ಪೆಚ್ಚಾದೆ.

ನಾನು ಸಿನಿಮಾದವನಲ್ಲ. ಕಲಬುರಗಿಯಲ್ಲಿ ಮೊಬೈಲ್ ದುರಸ್ತಿಯ ಅಂಗಡಿ ಇಟ್ಟುಕೊಂಡಿದ್ದೇನೆ. ಆಳಂದ ತಾಲ್ಲೂಕಿನ ನಮ್ಮೂರಿನಲ್ಲಿ ತೊಗರಿ ರಾಶಿ ಮುಗಿದ ಮೇಲೆ ಬಯಲಾಟ ಆಡುತ್ತೇವೆ. ಅದರಲ್ಲಿ ನನ್ನದು ಸಾರಥಿಯ ಪಾತ್ರ. ಈ ಸಾರಥಿ ರಥ ಹೊಡೆಯುವವನಲ್ಲ. ರಂಗಕ್ಕೆ ಬಂದ ರಾಜನನ್ನು ‘ತಾವು ದಾರು, ತಮ್ಮ ನಾಮಾಂಕಿತವೇನು’ ಎಂದು ಮಾತನಾಡಿಸುತ್ತ, ನಡುನಡುವೆ ಅವನ ಕಾಲೆಳೆಯುತ್ತ ಜನರನ್ನು ನಗಿಸುವವನು.

ಒಂದು ವರ್ಷ ಅಭಿಮನ್ಯುವಿನ ಕಥೆ ಆಡಿದೆವು. ಅಭಿಮನ್ಯು ಆದವನು ಒಂಬತ್ತನೆಯ ತರಗತಿಯ ಹುಡುಗ. ಬಾಡಿಗೆಗೆ ತಂದ ಕಿರೀಟ ಅವನ ತಲೆಗೆ ದೊಡ್ಡದಾಯಿತು, ಹೆಜ್ಜೆಗೊಮ್ಮೆ ಕಣ್ಣಿನ ಮೇಲೆ ಜಾರುತ್ತಿತ್ತು. ನಾನು ಅದನ್ನು ಮೇಲೆತ್ತಿ ಕೂರಿಸಿ, ‘ದೊರೆಯೇ, ಕಿರೀಟ ಅಪ್ಪನದೋ ದೊಡ್ಡಪ್ಪನದೋ?’ ಎಂದೆ. ಕಟ್ಟೆಯ ಮೇಲೆ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ಬೆಳಗಿನ ಜಾವ ಅಭಿಮನ್ಯು ಬಿದ್ದಾಗ ಅದೇ ಕಿರೀಟ ಕಳಚಿ ಉರುಳುತ್ತ ಹಿಮ್ಮೇಳದವರ ಕಾಲ ಬಳಿ ಹೋಗಿ ನಿಂತಿತು. ಯಾರೂ ಹೇಳಿಕೊಟ್ಟದ್ದಲ್ಲ. ಮುಂದೆ ಕೂತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನೇ ನೋಡಿದೆ.

ಮರುವರ್ಷವೂ ಅದೇ ಆಟ. ಹೋದ ಸಲ ನಕ್ಕರಲ್ಲ, ಈ ಸಲ ಇಮ್ಮಡಿ ನಗಿಸೋಣ ಎಂದು ನಾನು ಹತ್ತು ಹೊಸ ಮಾತು ಸಿದ್ಧ ಮಾಡಿಕೊಂಡೆ. ಚಕ್ರವ್ಯೂಹದ ಬಾಗಿಲಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಎಂದೆ, ದ್ರೋಣರ ಬಸ್ ತಪ್ಪಿತು ಎಂದೆ. ಕಿರೀಟವನ್ನೂ ಅಳತೆಗೆ ತಕ್ಕದ್ದೇ ತಂದಿದ್ದೆವು. ಜನ ನಕ್ಕರು, ನಿಜ. ಆದರೆ ಅಭಿಮನ್ಯು ಸತ್ತಾಗಲೂ ನಗುತ್ತಲೇ ಇದ್ದರು. ಆಟ ಕಲಿಸುವ ಮಾಸ್ತರರು ಬಣ್ಣ ತೊಳೆಯುವಾಗ ಒಂದೇ ಮಾತು ಹೇಳಿದರು: ‘ತಮ್ಮಾ, ಹೋದ ವರ್ಷ ಅವರು ನಿನ್ನ ಮಾತಿಗೆ ನಕ್ಕಿರಲಿಲ್ಲ. ಆ ಕೂಸಿನ ಕಿರೀಟಕ್ಕೆ ನಕ್ಕಿದ್ದರು.’

ಈಗ ಸೂಪರ್‌ಹೀರೋಗಳಿಗೆ ಬರೋಣ. ಸ್ಯಾಮ್ ರೈಮಿ ನಿರ್ದೇಶನದ 2004ರ ‘ಸ್ಪೈಡರ್-ಮ್ಯಾನ್ 2’ ಚಿತ್ರದಲ್ಲಿ, ಸ್ಪೈಡರ್-ಮ್ಯಾನ್ ವೇಷದೊಳಗಿನ ಹುಡುಗ ಪೀಟರ್‌ನ ಶಕ್ತಿ ಕೈಕೊಡುತ್ತಿದೆ. ಗೋಡೆ ಹಿಡಿದು ಇಳಿಯಲಾಗದೆ, ವೇಷ ತೊಟ್ಟುಕೊಂಡೇ ಲಿಫ್ಟ್ ಹತ್ತುತ್ತಾನೆ. ಪಕ್ಕದಲ್ಲಿ ನಿಂತವನು ಬಟ್ಟೆ ಚೆನ್ನಾಗಿದೆ, ಎಲ್ಲಿ ಸಿಕ್ಕಿತು ಎಂದು ವಿಚಾರಿಸುತ್ತಾನೆ. ನಾನೇ ಮಾಡಿದ್ದು, ಸ್ವಲ್ಪ ತುರಿಸುತ್ತದೆ ಎನ್ನುತ್ತಾನೆ ಇವನು. ನಗು ತಡೆಯಲಾಗುವುದಿಲ್ಲ, ಆದರೆ ಆ ದೃಶ್ಯ ಹುಟ್ಟಿದ್ದೇ ಅವನ ಸಂಕಟದಿಂದ. ಶಕ್ತಿ ಸರಿಯಿದ್ದಿದ್ದರೆ ಅವನು ಲಿಫ್ಟ್ ಹತ್ತುತ್ತಲೇ ಇರಲಿಲ್ಲ. ಮುಂದೆ ರೈಲನ್ನು ತಡೆದು ನಿಲ್ಲಿಸಿ ಪ್ರಜ್ಞೆ ತಪ್ಪಿದವನನ್ನು ಪ್ರಯಾಣಿಕರು ತಲೆಯ ಮೇಲಿಂದ ಕೈಗೆ ಕೈ ದಾಟಿಸಿ ಒಳಗೆ ಒಯ್ಯುವಾಗ ನಮ್ಮ ಗಂಟಲು ಕಟ್ಟುತ್ತದೆ. ಲಿಫ್ಟ್‌ನಲ್ಲಿ ಅವನು ಎಷ್ಟು ಬಡಪಾಯಿ ಎಂದು ಕಂಡಿದ್ದೆವಲ್ಲ.

ಗುಡುಗಿನ ದೇವನಾದ ಥಾರ್‌ನ ಚಿತ್ರಗಳಲ್ಲಿ ನಮ್ಮ ಬಯಲಾಟದ ಎರಡೂ ವರ್ಷ ಕಾಣುತ್ತವೆ. ಟೈಕಾ ವೈಟಿಟಿ ನಿರ್ದೇಶಿಸಿದ ‘ರಾಗ್ನರಾಕ್’ 2017ರಲ್ಲಿ ಬಂತು. ಅದರಲ್ಲಿ ಥಾರ್ ತಂದೆಯನ್ನು, ಸುತ್ತಿಗೆಯನ್ನು, ಕೂದಲನ್ನು, ಒಂದು ಕಣ್ಣನ್ನು, ಕೊನೆಗೆ ರಾಜ್ಯವನ್ನೂ ಕಳೆದುಕೊಳ್ಳುತ್ತಾನೆ. ಜಂಬದ ರಾಜಕುಮಾರನೊಬ್ಬ ಬರಿಗೈಯಾಗುವುದನ್ನು ನೋಡಿ ನಾವು ನಗುತ್ತೇವೆ. ಅಲ್ಲಿಯೂ ಒಂದು ಎಡವಟ್ಟಿದೆ: ಅವನ ರಾಜ್ಯವಾದ ಆಸ್ಗಾರ್ಡ್ ಕಣ್ಣೆದುರು ಸಿಡಿದು ಹೋಗುವಾಗ ಕಾರ್ಗ್ ಎಂಬ ಕಲ್ಲಿನ ಮನುಷ್ಯ ಅಡಿಪಾಯದ ಬಗ್ಗೆ ಹಾಸ್ಯ ಮಾಡಿ ಆ ಮೌನವನ್ನು ಕೆಡಿಸಿಬಿಡುತ್ತಾನೆ. ಅವನಲ್ಲಿ ನಾನು ನನ್ನನ್ನೇ ಕಂಡೆ. 2022ರ ‘ಲವ್ ಅಂಡ್ ಥಂಡರ್’ನ ನಿರ್ದೇಶಕರೂ ಅವರೇ. ಥಾರ್‌ನ ಹಳೆಯ ಪ್ರೇಯಸಿ ಜೇನ್‌ಗೆ ಕ್ಯಾನ್ಸರ್, ಮಗಳನ್ನು ಕಳೆದುಕೊಂಡ ಖಳನಾಯಕ ಗಾರ್‌ನಿಗೆ ದೇವರುಗಳ ಮೇಲೆ ಸೇಡು. ಅಳುವಿಗೆ ಬೇಕಾದ ಸಾಮಗ್ರಿ ಹಿಂದಿನದಕ್ಕಿಂತ ಹೆಚ್ಚೇ ಇತ್ತು. ಆದರೆ ನಡುವೆ ಕಿರುಚುವ ಎರಡು ಆಡುಗಳು ಮತ್ತೆ ಮತ್ತೆ ಕಿರುಚುತ್ತವೆ. ಆಡಿಗೂ ಜೇನ್‌ಳ ಕಾಯಿಲೆಗೂ ಏನು ಸಂಬಂಧ? ದ್ರೋಣರಿಗೂ ಬಸ್ಸಿಗೂ ಇದ್ದಷ್ಟೇ.

ಹಾಸ್ಯ ಕಡಿಮೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಜೇಮ್ಸ್ ಗನ್ ಅವರ 2023ರ ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ ಮೂರನೆಯ ಭಾಗದಲ್ಲಿ ಡ್ರಾಕ್ಸ್ ಎಂಬ ದಡ್ಡ ದೈತ್ಯನನ್ನು ಎಲ್ಲರೂ ಹಾಸ್ಯಕ್ಕೆ ಇಟ್ಟುಕೊಂಡಿರುತ್ತಾರೆ. ಕೊನೆಯಲ್ಲಿ ಸೆರೆಯಲ್ಲಿರುವ ಮಕ್ಕಳು ಹೆದರಿ ಮುದುಡಿದಾಗ ಅವರ ಭಾಷೆಯಲ್ಲಿ ಮಾತನಾಡಿ, ಮಂಗನಂತೆ ಸದ್ದು ಮಾಡಿ ನಗಿಸುವವನು ಅವನೇ. ಅವನ ಮಗಳನ್ನು ಹಿಂದೆಯೇ ಕೊಂದಿದ್ದರೆಂಬುದು ನೆನಪಿದ್ದರೆ ಅವನ ದಡ್ಡತನ ಅಲ್ಲಿ ಬೇರೆಯೇ ಆಗಿ ಕಾಣುತ್ತದೆ.

ಆದ್ದರಿಂದ ನಿಮ್ಮ ಮೊದಲ ಭಾಗವನ್ನು ಹತ್ತು ಜನರ ಜೊತೆ ಕೂತು ನೋಡಿ. ಪರದೆ ಬಿಟ್ಟು ಅವರ ಮುಖ ನೋಡಿ. ತಾಯಿ ಇರುವ ದೃಶ್ಯದಲ್ಲಿ ನಕ್ಕರೆ ನಿಮ್ಮ ಪುಣ್ಯ. ಆ ನಗೆಯ ವಸ್ತು ಮಗ ಮರೆತು ಹೋಗುವ ಊಟದ ಡಬ್ಬಿಯೋ ತಾಯಿಯ ಬೈಗುಳವೋ ಆಗಿದ್ದರೆ, ಆಕೆ ಹೋದ ಮೇಲೂ ಅದನ್ನು ಮನೆಯಲ್ಲಿ ಇರಗೊಡಿ. ಸಾವಿನ ದೃಶ್ಯದ ನಂತರ ಒಂದೆರಡು ನಿಮಿಷ ಯಾರಿಗೂ ನಗೆಯ ಮಾತು ಕೊಡಬೇಡಿ.

ಇನ್ನು ಹಳೆಯದನ್ನೇ ಮತ್ತೆ ತಂದರಾಯಿತು ಎಂದುಕೊಳ್ಳಬೇಡಿ. ಮೂರನೆಯ ವರ್ಷ ನಾವು ಹುಡುಕಿಕೊಂಡು ಹೋಗಿ ಆ ಹಳೆಯ ಕಿರೀಟವನ್ನೇ ಬಾಡಿಗೆಗೆ ತಂದೆವು. ಎರಡು ವರ್ಷದಲ್ಲಿ ಹುಡುಗ ಬೆಳೆದಿದ್ದ. ಅದು ಅವನ ತಲೆಗೆ ಸರಿಯಾಗಿ ಕೂತಿತು. ಮಾಸ್ತರರು ಅವನನ್ನು ಮೇಲಿಂದ ಕೆಳಗೆ ನೋಡಿ, ಆಗ ತಾನೆ ಚಿಗುರುತ್ತಿದ್ದ ಅವನ ಮೀಸೆಯ ಮೇಲೆ ನನಗೆ ಎರಡು ಮಾತು ಬರೆದುಕೊಟ್ಟರು.