ರಕ್ತನಾಳದ ಸ್ನಾಯುವಿಗೆ ಸುಸ್ತಾಗುವುದಿಲ್ಲವೇ?

ಪ್ರಶ್ನೆ: ತುಂಬಿದ ಬಿಂದಿಗೆ ಹಿಡಿದು ಸ್ವಲ್ಪ ಹೊತ್ತು ನಿಂತರೂ ನನ್ನ ತೋಳು ಸೋಲುತ್ತದೆ. ರಕ್ತನಾಳದ ಗೋಡೆಯಲ್ಲೂ ಸ್ನಾಯು ಇದೆ, ಅದು ಹಗಲೂ ರಾತ್ರಿ ಬಿಗಿಯಾಗಿಯೇ ಇರುತ್ತದೆ ಎಂದು ಓದಿದೆ. ಅದಕ್ಕೆ ಸುಸ್ತಾಗುವುದಿಲ್ಲವೇ? ನಾನು ಬಿಪಿಗೆ ಅಮ್ಲೊಡಿಪಿನ್ ತೆಗೆದುಕೊಳ್ಳುತ್ತೇನೆ. ಅದು ತೋಳಿನ ಸ್ನಾಯುವನ್ನೂ ಸಡಿಲ ಮಾಡುತ್ತದೆಯೇ?

ಉತ್ತರ: ಎರಡು ಕಡೆಯೂ ಎಳೆಯುವ ಕೆಲಸ ಮಯೋಸಿನ್ ಎಂಬ ಪ್ರೋಟೀನಿನದು. ಅದಕ್ಕೆ ಎರಡು ತಲೆ, ಒಂದು ಉದ್ದನೆಯ ಬಾಲ. ತಲೆಯು ಪಕ್ಕದಲ್ಲಿರುವ ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ಎಳೆಯನ್ನು ಹಿಡಿದು ಜಗ್ಗುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಪ್ರತಿ ಸುತ್ತಿಗೂ ಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚು. ತೋಳಿನ ಮಯೋಸಿನ್ ಈ ಸುತ್ತನ್ನು ಬೇಗ ಬೇಗ ಮುಗಿಸುತ್ತದೆ, ಹಾಗಾಗಿ ಖರ್ಚು ಜಾಸ್ತಿ. ರಕ್ತನಾಳ, ಕರುಳು, ಗರ್ಭಕೋಶಗಳ ನಯವಾದ ಸ್ನಾಯುವಿನಲ್ಲಿರುವುದು ಬೇರೆ ಜೀನಿನಿಂದ ಬರುವ, ಬಹಳ ನಿಧಾನದ ಮಯೋಸಿನ್. ಅಷ್ಟೇ ಬಿಗಿ ಉಳಿಸಿಕೊಳ್ಳಲು ಅದಕ್ಕೆ ಬೇಕಾಗುವ ಶಕ್ತಿ ತೋಳಿನ ಸ್ನಾಯುವಿನ 1/10ರಿಂದ 1/300ರಷ್ಟು ಮಾತ್ರ.

ಇಷ್ಟು ಉಳಿತಾಯ ಹೇಗೆ? ತೋಳಿನಲ್ಲಿ ಕೆಲಸ ಶುರು ಮಾಡಿಸುವ ಸ್ವಿಚ್ಚು ಆಕ್ಟಿನ್ ಎಳೆಯ ಮೇಲಿದೆ. ನಯವಾದ ಸ್ನಾಯುವಿನಲ್ಲಿ ಅದು ಮುಖ್ಯವಾಗಿ ಮಯೋಸಿನ್ನಿನಲ್ಲೇ ಇದೆ. ಕೋಶದೊಳಗೆ ಕ್ಯಾಲ್ಸಿಯಂ ಬಂದಾಗ ಅದು ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನಿನ ಜೊತೆ ಸೇರಿ ಒಂದು ಕಿಣ್ವವನ್ನು ಎಬ್ಬಿಸುತ್ತದೆ. ಆ ಕಿಣ್ವ ಮಯೋಸಿನ್ನಿನ ಕತ್ತಿನ ಬಳಿ ಒಂದು ಫಾಸ್ಫೇಟ್ ಅಂಟಿಸುತ್ತದೆ. ಅದಾದ ಮೇಲೆಯೇ ಜಗ್ಗಾಟ ಶುರು. ಇನ್ನೊಂದು ಕಿಣ್ವ ಆ ಫಾಸ್ಫೇಟನ್ನು ಕೀಳುತ್ತದೆ.

ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನು ಮುಂದಿದೆ. ತಲೆ ಆಕ್ಟಿನ್ ಹಿಡಿದಿರುವಾಗಲೇ ಫಾಸ್ಫೇಟ್ ಕಿತ್ತುಹೋದರೆ ಹಿಡಿತ ತಕ್ಷಣ ತಪ್ಪುವುದಿಲ್ಲ. ಬಹಳ ನಿಧಾನವಾಗಿ ಬಿಡುತ್ತದೆ. ಬಿಗಿ ಹಾಗೇ ಉಳಿಯುತ್ತದೆ, ಎಟಿಪಿ ಖರ್ಚು ಇಳಿಯುತ್ತದೆ. 1981ರಲ್ಲಿ ಅಮೆರಿಕದ ರಿಚರ್ಡ್ ಮರ್ಫಿ ಮತ್ತು ಸಂಗಡಿಗರು ಹಂದಿಯ ಕತ್ತಿನ ಅಪಧಮನಿಯಲ್ಲಿ ಇದನ್ನು ಗಮನಿಸಿದರು: ಫಾಸ್ಫೇಟ್ ಅಂಟಿದ ಮಯೋಸಿನ್ ಕಡಿಮೆಯಾದ ಮೇಲೂ ಬಿಗಿ ಇಳಿದಿರಲಿಲ್ಲ.

ಇನ್ನು ನಿಮ್ಮ ಮಾತ್ರೆ. ಅಮ್ಲೊಡಿಪಿನ್ ಮಯೋಸಿನ್ನನ್ನು ಮುಟ್ಟುವುದಿಲ್ಲ. ಹೊರಗಿನಿಂದ ಕೋಶಕ್ಕೆ ಕ್ಯಾಲ್ಸಿಯಂ ಬರುವ ಬಾಗಿಲನ್ನು ತಡೆಯುತ್ತದೆ. ಕ್ಯಾಲ್ಸಿಯಂ ಕಡಿಮೆಯಾದರೆ ಫಾಸ್ಫೇಟ್ ಅಂಟುವುದೂ ಕಡಿಮೆ. ನಾಳ ಅಗಲವಾಗುತ್ತದೆ, ಒತ್ತಡ ಇಳಿಯುತ್ತದೆ. ಕೆಲವರಿಗೆ ಪಾದ ಊದಿಕೊಳ್ಳುವುದುಂಟು. ಹಾಗಾದರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ತೋಳಿನ ಬಗ್ಗೆ ಚಿಂತೆ ಬೇಡ. ಆ ಸ್ನಾಯು ಹೊರಗಿನ ಕ್ಯಾಲ್ಸಿಯಂಗೆ ಕಾಯುವುದಿಲ್ಲ, ಕೋಶದೊಳಗೆ ತಾನೇ ಕೂಡಿಟ್ಟುಕೊಂಡದ್ದನ್ನು ಬಳಸುತ್ತದೆ.